ಹಳ್ಳದ ದಡಕ್ಕೆ ಬೇಲಿ, ದುಡ್ಡು ಯಾರದ್ದು?

ಪ್ರಶ್ನೆ: ನ್ಯೂಯಾರ್ಕ್ ನಗರ ದೂರದ ರೈತರ ಜಮೀನಿಗೆ ಬೇಲಿ ಹಾಕಿಸಲು ದುಡ್ಡು ಕೊಡುತ್ತದಂತೆ, ನಿಜವೇ?

ಉತ್ತರ: ನಿಜ. ಆ ನಗರದ ಕುಡಿಯುವ ನೀರು ಬಹುಪಾಲು ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆಯಿಂದ ಬರುತ್ತದೆ. ಅಲ್ಲಿ ಹೈನುಗಾರರಿದ್ದಾರೆ. ದನ ಹಳ್ಳಕ್ಕಿಳಿದರೆ ದಡ ಕುಸಿಯುತ್ತದೆ, ಸಗಣಿ ಗಂಜಲ ನೇರ ನೀರಿಗೇ ಸೇರುತ್ತದೆ. ನೀರು ಸೋಸುವ ಘಟಕ ಕಟ್ಟಲು ನೂರಾರು ಕೋಟಿ ಡಾಲರ್ ಬೇಕಿತ್ತು, ಅದಕ್ಕಿಂತ ರೈತರ ಜೊತೆ ಕೈಜೋಡಿಸುವುದೇ ವಾಸಿ ಅಂತ 1990ರ ದಶಕದಲ್ಲಿ ನಗರ ತೀರ್ಮಾನಿಸಿತು. ನೀರು ಕುಡಿಯುವವರು ಪೇಟೆಯವರು, ಖರ್ಚೆಲ್ಲ ರೈತನೊಬ್ಬನೇ ಯಾಕೆ ಹೊರಬೇಕು, ಅಲ್ವಾ? ಹಾಗಾಗಿ ಹಳ್ಳದಂಚಿಗೆ ಬೇಲಿ, ದನಗಳಿಗೆ ಬೇರೆ ಕಡೆ ತೊಟ್ಟಿ, ದಡದಲ್ಲಿ ಗಿಡಮರ, ಇವುಗಳ ಖರ್ಚನ್ನು ಕೇಂದ್ರ ಸರ್ಕಾರ ಮತ್ತು ನಗರ ಹಂಚಿಕೊಳ್ಳುತ್ತವೆ. ಬಿಟ್ಟುಕೊಟ್ಟ ಜಾಗಕ್ಕೆ 10ರಿಂದ 15 ವರ್ಷ ಬಾಡಿಗೆಯೂ ಸಿಗುತ್ತದೆ. ಈ ಯೋಜನೆಗೆ ಸೇರಲೇಬೇಕೆಂಬ ಬಲವಂತ ಇಲ್ಲ. ಜಮೀನು ರೈತನ ಹೆಸರಲ್ಲೇ ಇರುತ್ತದೆ.