ಪಡುಗೋಡೆಗೆ ಯಾವ ಹೊದಿಕೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಮರವಂತೆಯಲ್ಲಿ ಸಮುದ್ರದಿಂದ ಸುಮಾರು 300 ಮೀಟರ್ ದೂರದಲ್ಲಿ ನಮ್ಮದು ಮುರಕಲ್ಲಿನ (ಲ್ಯಾಟರೈಟ್) ಎರಡಂತಸ್ತಿನ ಮನೆ. ಹೊರಗೆ ಸಾರಣೆ, ಬಣ್ಣ ಎಲ್ಲ ಆಗಿದೆ. ಆದರೂ ಜೂನ್ ಬಂತೆಂದರೆ ಮಹಡಿಯ ಪಡುಗೋಡೆ ಒಳಗಡೆ ಒಸರುತ್ತದೆ. ಹಿಂದೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಈಗ ವರ್ಷವರ್ಷವೂ ಟರ್ಪಾಲು. ಶಾಶ್ವತವಾಗಿ ಏನಾದರೂ ಹೊದಿಸೋಣವೆಂದರೆ ಒಬ್ಬರು ಕಲರ್ ಶೀಟ್ (ಬಣ್ಣ ಬಳಿದ ಉಕ್ಕಿನ ತಗಡು) ಅನ್ನುತ್ತಾರೆ, ಇನ್ನೊಬ್ಬರು ಸಿಮೆಂಟ್ ಬೋರ್ಡ್, ಮತ್ತೊಬ್ಬರು ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಒಳಪದರವಿರುವ ಹಲಗೆ). ಯಾವುದು ಸರಿ?
— ಓದುಗರು, ಮರವಂತೆ

ಉತ್ತರ: ಮೊದಲು ಮಾಡು ನೋಡಿ. ಪಡುಗಡೆಯ ಸೂರು ಗೋಡೆಯಿಂದ ಒಂದಡಿಯೂ ಹೊರಚಾಚಿಲ್ಲವಾದರೆ ಅದನ್ನು ಎರಡೂವರೆ, ಮೂರು ಅಡಿಗೆ ಚಾಚಿಸುವುದೇ ಅಗ್ಗದ ಮದ್ದು. ಗೋಡೆಯ ಮೇಲ್ಭಾಗಕ್ಕೆ ಬೀಳುವ ಎರಚಲಿನ ದೊಡ್ಡ ಪಾಲು ಅಲ್ಲಿಗೇ ನಿಲ್ಲುತ್ತದೆ. ಹಾಗೆ ಚಾಚಿಸಲು ಸಾಧ್ಯವಿಲ್ಲ, ಅಥವಾ ಚಾಚಿಸಿಯೂ ಒಸರುತ್ತದೆ ಎಂದಾದರೆ ಹೊದಿಕೆಯ ಮಾತು.

ತಟ್ಟಿ ಕಟ್ಟುತ್ತಿದ್ದವರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ತಟ್ಟಿ ಗೋಡೆಗೆ ಅಂಟಿಕೊಂಡಿರುತ್ತಿರಲಿಲ್ಲ. ನಡುವೆ ಗಾಳಿ ಆಡುತ್ತಿತ್ತು, ನುಗ್ಗಿದ ನೀರು ಹಿಂದಿನಿಂದಲೇ ಇಳಿದುಹೋಗುತ್ತಿತ್ತು. ಹೊಸ ಹೊದಿಕೆ ಯಾವುದೇ ಇರಲಿ, ಅದೇ ರೀತಿ ನಿಲ್ಲಬೇಕು. ಪಡುಗಾಳಿಯ ಮಳೆಯಲ್ಲಿ ಯಾವ ಹಲಗೆಯ ಸಂದಿಯೂ ಪೂರ್ತಿ ನೀರು ತಡೆಯುವುದಿಲ್ಲ. ಬಂದ ನೀರು ಹೊರಹೋಗಲು ದಾರಿ ಇದೆಯೇ ಎಂಬುದನ್ನು ಮೊದಲು ಕೇಳಿ, ಹಲಗೆಯ ಬ್ರ್ಯಾಂಡ್ ಆಮೇಲೆ.

ನಿಮ್ಮ ಮೂರರಲ್ಲಿ ನಮ್ಮ ಆಯ್ಕೆ ಸಿಮೆಂಟ್ ಬೋರ್ಡ್, ಅಂದರೆ ಫೈಬರ್ ಸಿಮೆಂಟ್ ಹಲಗೆ. ಗೆದ್ದಲು ತಿನ್ನದು, ಉಪ್ಪುಗಾಳಿಗೆ ತುಕ್ಕು ಹಿಡಿಯದು, ಬೆಂಕಿಗೆ ಉರಿಯದು. ಭಾರತೀಯ ಮಾನಕ ಐಎಸ್ 14862ರ ಗುರುತಿರುವ, ಹೊರಬಳಕೆಯ 'ಎ' ವರ್ಗದ 10 ಮಿ.ಮೀ. ದಪ್ಪದ್ದನ್ನೇ ಕೇಳಿ. ಫಾಲ್ಸ್ ಸೀಲಿಂಗಿಗೆ ಬಳಸುವ 6 ಮಿ.ಮೀ. ಹಲಗೆಯನ್ನೇ ಹೊರಗೂ ಬಡಿದುಬಿಡುವ ರೂಢಿಯಿದೆ; ಅದು ಎರಡು ಮಳೆಗಾಲದಲ್ಲಿ ಅಂಚಿನಿಂದ ಪದರ ಬಿಡತೊಡಗುತ್ತದೆ. ಎಂಟಡಿ-ನಾಲ್ಕಡಿಯ ಒಂದು ಹಲಗೆ ಸುಮಾರು 40 ಕಿಲೋ ತೂಗುತ್ತದೆ. ಆದರೆ ತೂಕಕ್ಕಿಂತ ಗಾಳಿಯ ಸೆಳೆತ ದೊಡ್ಡದು. ಮಂಗಳೂರಿಗೆ ಕಟ್ಟಡಗಳ ಮೇಲಿನ ಭಾರದ ಮಾನಕ ಐಎಸ್ 875 ಕೊಡುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಆ ವೇಗದ ಒತ್ತಡ ಚದರ ಮೀಟರಿಗೆ ಸುಮಾರು 93 ಕಿಲೋ. ಎಂಟು-ನಾಲ್ಕರ ಹಲಗೆಯ ಲೆಕ್ಕದಲ್ಲಿ 270 ಕಿಲೋ ದಾಟುತ್ತದೆ, ಮನೆಯ ಮೂಲೆಯಲ್ಲಿ ಇನ್ನೂ ಹೆಚ್ಚು. ಗಾಳಿ ಹಲಗೆಯನ್ನು ಒಳಕ್ಕೆ ಒತ್ತುವುದಷ್ಟೇ ಅಲ್ಲ, ಪಕ್ಕದ ಗೋಡೆಗಳಲ್ಲಿ ಹೊರಕ್ಕೆ ಎಳೆಯುತ್ತದೆ. ಕಿತ್ತುಹೋಗುವುದು ಬಹುಮಟ್ಟಿಗೆ ಮೂಲೆಯಿಂದಲೇ.

ಕೆಲಸ ಹೀಗೆ. ಮೊದಲು ಸಾರಣೆಯ ಬಿರುಕು ಮುಚ್ಚಿ, ಗೋಡೆಗೆ ಒಂದು ವಾಟರ್‌ಪ್ರೂಫ್ ಕೋಟಿಂಗ್ ಬಳಿಯಿರಿ. ಹಲಗೆ ಕೂತ ಮೇಲೆ ಅಲ್ಲಿಗೆ ಕೈ ಹೋಗದು. ಬಳಿಕ 50×25 ಮಿ.ಮೀ. ಅಲ್ಯೂಮಿನಿಯಂ ಬಾಕ್ಸ್ ಪೈಪನ್ನು, ಪೈಪಿನ ತಗಡು 2 ಮಿ.ಮೀ. ದಪ್ಪವಿರುವುದನ್ನು, 400 ಮಿ.ಮೀ.ಗೆ ಒಂದರಂತೆ ಲಂಬವಾಗಿ ನಿಲ್ಲಿಸಿ. ಅಡ್ಡಲಾಗಿ ಹಾಕಿದರೆ ಪ್ರತಿ ಪೈಪಿನ ಮೇಲೂ ನೀರು ನಿಲ್ಲುತ್ತದೆ. ಕಬ್ಬಿಣದ ಚೌಕ ಪೈಪಿಗೆ ವೆಲ್ಡ್ ಹೊಡೆದು ರೆಡ್ ಆಕ್ಸೈಡ್ ಬಳಿಯುವುದು ಎಲ್ಲ ಫ್ಯಾಬ್ರಿಕೇಟರ್‌ಗಳ ಮೊದಲ ಸಲಹೆ. ಒಪ್ಪಬೇಡಿ. ವೆಲ್ಡಿನಲ್ಲಿ ಶುರುವಾದ ತುಕ್ಕು ಪೈಪಿನ ಒಳಗೇ ಬೆಳೆಯುತ್ತದೆ, ಹೊರಗಿನಿಂದ ತಿಳಿಯುವುದೇ ಇಲ್ಲ. ಅಲ್ಯೂಮಿನಿಯಂ ನೇರವಾಗಿ ಸಾರಣೆಗೆ ತಾಗದಂತೆ ರಬ್ಬರ್ ಅಥವಾ ನೈಲಾನ್ ಪಟ್ಟಿ ಇಡಿ. ಸಿಮೆಂಟಿನ ಕ್ಷಾರ ಅದನ್ನು ತಿನ್ನುತ್ತದೆ.

ಮುರಕಲ್ಲಿಗೆ ಸ್ಕ್ರೂ ಹಿಡಿಸುವುದೇ ಇಲ್ಲಿ ಕಷ್ಟದ ಭಾಗ. ಡ್ರಿಲ್ಲನ್ನು ಹ್ಯಾಮರ್‌ನಲ್ಲಿ ಇಟ್ಟರೆ ತೂತು ಅಗಲವಾಗಿ, ಪ್ಲಗ್ ಒಳಗೆ ತಿರುಗತೊಡಗುತ್ತದೆ. ಬರೀ ತಿರುಗುವ ಮೋಡಿನಲ್ಲಿ ಕೊರೆಯಿರಿ. 10 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ನೈಲಾನ್ ಫ್ರೇಮ್ ಪ್ಲಗ್ ಬಳಸಿ, ಕಲ್ಲಿನ ನಡುಭಾಗಕ್ಕೆ ಹಾಕಿ, ಸಂದಿನ ಗಾರೆಗೆ ಬೇಡ. 600 ಮಿ.ಮೀ.ಗೆ ಒಂದು, ಮನೆಯ ಮೂಲೆಯಿಂದ ಒಂದು ಮೀಟರ್ ಒಳಗೆ 400ಕ್ಕೆ ಒಂದು. ಹಿಡಿಯದ ಕಡೆ ಜಾಲರಿ ತೋಳಿನೊಳಗೆ ಅಂಟುರಾಳ ತುಂಬಿ ಕೂರಿಸುವ ಕೆಮಿಕಲ್ ಆಂಕರ್.

ಹಲಗೆಗೆ ಸ್ಕ್ರೂ 200 ಮಿ.ಮೀ.ಗೆ ಒಂದು, ಅಂಚಿನಿಂದ 15 ಮಿ.ಮೀ. ಒಳಗೆ, ಮೂಲೆಯಿಂದ 50 ಮಿ.ಮೀ. ಒಳಗೆ. ಅಂದರೆ ಒಂದು ಹಲಗೆಗೆ 50ರ ಆಸುಪಾಸು. ತೂತು ಸ್ಕ್ರೂವಿಗಿಂತ 2 ಮಿ.ಮೀ. ದೊಡ್ಡದಿರಲಿ; ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗುವಾಗ ಹಲಗೆ ಸೀಳದು. ಹಲಗೆಗಳ ನಡುವೆ 5 ಮಿ.ಮೀ. ಸಂದು. ಕತ್ತರಿಸಿದ ಪ್ರತಿ ಅಂಚಿಗೂ ಏರಿಸುವ ಮುಂಚೆಯೇ ಪ್ರೈಮರ್ ಹೊಡೆಯಬೇಕು. ಹಲಗೆ ನೀರು ಕುಡಿಯುವುದು ಅಲ್ಲಿಂದಲೇ, ಮತ್ತು ಮೇಸ್ತ್ರಿಗಳು ಬಿಡುವುದೂ ಅದನ್ನೇ. ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇದೆ, ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಿಸಿ. ಕೆಳಗೆ ನೆಲದಿಂದ 150 ಮಿ.ಮೀ. ಬಿಟ್ಟು ನಿಲ್ಲಿಸಿ. ಮೇಲೆ, ಕೆಳಗೆ ಗಾಳಿಗೆ ತೆರೆದು ಜಾಲರಿ ಹಾಕಿ, ಇಲ್ಲದಿದ್ದರೆ ಕಣಜಗಳು ಸಂಸಾರ ಹೂಡುತ್ತವೆ. ಕಿಟಕಿಯ ತಲೆಯ ಮೇಲೆ ಹೊರಕ್ಕೆ ಇಳಿಜಾರಿರುವ ಅಲ್ಯೂಮಿನಿಯಂ ತಗಡು ಕೂರಿಸದೆ ಬರೀ ಸಿಲಿಕಾನ್ ತುಂಬಿದರೆ ಆ ಕೆಲಸ ಅರ್ಧವೇ.

ಕಲರ್ ಶೀಟ್ ಕೆಟ್ಟದ್ದಲ್ಲ, ಹಗುರ, ಅಗ್ಗ. ಆದರೆ 300 ಮೀಟರಿನಲ್ಲಿ ಆಯುಷ್ಯ ಕಡಿಮೆ. ಗ್ಯಾರಂಟಿ ಪತ್ರದ ಸಣ್ಣಕ್ಷರದಲ್ಲಿ ಸಮುದ್ರದ ದೂರದ ಷರತ್ತು ಇದೆಯೇ ಎಂದು ಓದಿ. ಎಸಿಪಿ ನಾವು ಹೇಳುವುದಿಲ್ಲ. ಅಗ್ಗದ್ದರ ಒಳಪದರ ಪಾಲಿಥೀನ್, ಬೆಂಕಿ ಹಿಡಿದರೆ ಉರಿಯುತ್ತದೆ. 2017ರ ಜೂನಿನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತ ಬೆಂಕಿ ಹಬ್ಬಿದ್ದು ಅಂಥ ಹೊದಿಕೆಯ ಮೂಲಕ.

ಪ್ರಶ್ನೆ: ಕಾರವಾರದ ನಮ್ಮ ಮನೆಯ ಪಡುಗೋಡೆಗೆ ಕಲರ್ ಶೀಟ್ ಹೊಡೆಸಿ ಎರಡು ವರ್ಷ. ಶೀಟ್ ಚೆನ್ನಾಗಿದೆ, ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಕೆಂಪು ನೀರು ಇಳಿದಿದೆ. ಸೂರಿನ ಕೆಳಗೆ, ಮಳೆಯೇ ತಾಗದ ಜಾಗದಲ್ಲಿ, ಶೀಟಿನ ಬಣ್ಣವೂ ಗುಳ್ಳೆ ಎದ್ದಿದೆ. ಮಳೆ ಬೀಳದ ಕಡೆ ಯಾಕೆ?
— ಓದುಗರು, ಕಾರವಾರ

ಉತ್ತರ: ಮಳೆ ಬೀಳದ್ದರಿಂದಲೇ. ಕಡಲಗಾಳಿ ತಂದ ಉಪ್ಪನ್ನು ಬಯಲಿನ ಭಾಗದಲ್ಲಿ ಮಳೆಯೇ ತೊಳೆಯುತ್ತದೆ. ಸೂರಿನಡಿ ಅದು ಕೂತಲ್ಲೇ ಕೂತು, ಗಾಳಿಯ ಪಸೆ ಹೀರಿ ಸದಾ ಒದ್ದೆಯಾಗಿರುತ್ತದೆ. ಮೂರು ತಿಂಗಳಿಗೊಮ್ಮೆ ಆ ಭಾಗಕ್ಕೆ ಪೈಪಿನಲ್ಲಿ ಸಿಹಿನೀರು ಬಿಡಿ. ಮುಖ್ಯವಾಗಿ ಅಕ್ಟೋಬರಿನಿಂದ ಮೇ ತನಕ. ಬಾವಿ ನೀರು ಸವುಳಾಗಿದ್ದರೆ ಅದರಿಂದ ತೊಳೆಯಬೇಡಿ.

ನಿಮಗೆ ಹಾಕಿರುವುದು ಜಿಂಕ್ ಲೇಪದ ಸಾಮಾನ್ಯ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಇರಬೇಕು. ಅದರ ಲೇಪ ತೀರ ತೆಳು. ಒಂದೊಂದಾಗಿ ಬಿಚ್ಚಿ, ಒಂದು ಸೈಜ್ ದಪ್ಪದ ಎಸ್‌ಎಸ್ 316 (ಸ್ಟೇನ್‌ಲೆಸ್ ಸ್ಟೀಲ್) ಸ್ಕ್ರೂವನ್ನು ಇಪಿಡಿಎಂ ರಬ್ಬರ್ ವಾಶರ್ ಸಮೇತ ಹಾಕಿಸಿ. ಅಂಗಡಿಯಲ್ಲಿ ಎಸ್‌ಎಸ್ ಎಂದು ಕೊಡುವುದು ಹೆಚ್ಚಾಗಿ 304. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುವುದೇ ಉಪ್ಪಿನೆದುರು ವ್ಯತ್ಯಾಸ ಮಾಡುವುದು. ಆಯಸ್ಕಾಂತ ಹಿಡಿದು ನೋಡುವ ಪರೀಕ್ಷೆಯಿಂದ 304 ಯಾವುದು, 316 ಯಾವುದು ಎಂದು ತಿಳಿಯದು, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಗಿಯುವಾಗ ವಾಶರ್ ಚಪ್ಪಟೆಯಾಗಿ ಅಂಚಿಗೆ ಉಬ್ಬಿದರೆ ಅತಿಯಾಯಿತು. ಕೊರೆದಾಗ ಬಿದ್ದ ಕಬ್ಬಿಣದ ಚೂರನ್ನು ಅಂದೇ ಗುಡಿಸಿ ತೆಗೆಯಬೇಕು, ಶೀಟಿನ ಮೇಲೆ ಅದೇ ತುಕ್ಕಿನ ಚುಕ್ಕೆಯಾಗುತ್ತದೆ.

ಮುಂದೆಂದಾದರೂ ಶೀಟನ್ನೇ ಬದಲಿಸುವಾಗ ಚದರ ಮೀಟರಿಗೆ 150 ಗ್ರಾಂ ಅಲ್ಯೂಮಿನಿಯಂ-ಜಿಂಕ್ ಲೇಪದ್ದು ಕೇಳಿ, ಬಡಗು ತುದಿಯಿಂದ ಶುರುಮಾಡಿ ತೆಂಕಕ್ಕೆ ಹೊದಿಸುತ್ತ ಬನ್ನಿ. ಆಗ ಪ್ರತಿ ಶೀಟಿನ ತೆರೆದ ಅಂಚು ನೈಋತ್ಯ ಗಾಳಿಗೆ ಬೆನ್ನು ಮಾಡಿರುತ್ತದೆ.

ಪ್ರಶ್ನೆ: ಹೊನ್ನಾವರದಲ್ಲಿ ಸಾರಣೆಯಿಲ್ಲದ ಚಿರೆಕಲ್ಲಿನ (ಮುರಕಲ್ಲಿನ) ಮನೆ. ಕಲ್ಲಿಗೆ ಹೊಳಪಿನ ವಾರ್ನಿಶ್ ಹೊಡೆಸಿದ್ದೆವು. ಈಗ ಅದು ಸಿಪ್ಪೆಯಂತೆ ಏಳುತ್ತಿದೆ, ಒಳಗೆ ಬಿಳಿ ಪುಡಿ.
— ಓದುಗರು, ಹೊನ್ನಾವರ

ಉತ್ತರ: ಸಂದುಗಳಿಂದ ಹೋದ ನೀರು ಕಲ್ಲಿನ ಉಪ್ಪನ್ನು ಕರಗಿಸಿ ಹೊರಗೆ ತರುತ್ತದೆ, ವಾರ್ನಿಶ್ ಅಡ್ಡ ಬಂದಾಗ ಉಪ್ಪು ಅದರ ಹಿಂದೆಯೇ ಹರಳುಗಟ್ಟಿ ಪದರವನ್ನು ತಳ್ಳುತ್ತದೆ. ವಾರ್ನಿಶ್ಶನ್ನು ಪೇಂಟ್ ರಿಮೂವರಿನಿಂದ ತೆಗೆಸಿ. ಪ್ರೆಶರ್ ವಾಶರ್ ಬೇಡ, ಕಲ್ಲಿನ ಕಣ್ಣುಗಳಲ್ಲಿರುವ ಮೆತ್ತನೆಯ ಜೇಡಿ ಕಿತ್ತುಬರುತ್ತದೆ. ಬಿಳಿ ಪುಡಿಯನ್ನು ಒಣ ಬ್ರಶ್ಶಿನಲ್ಲೇ ಉದುರಿಸಿ. ನೀರು ಹಾಕಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಟೊಳ್ಳಾದ ಸಂದುಗಳನ್ನು 20-25 ಮಿ.ಮೀ. ಆಳ ಕೆರೆದು, ಸಿಮೆಂಟ್ 1, ಸುಣ್ಣ 1, ಮರಳು 6ರ ಗಾರೆ ತುಂಬಿಸಿ, ಕಲ್ಲಿನ ಮಟ್ಟಕ್ಕೆ ಸಮ ಮಾಡಿಸಿ. ಚಂದಕ್ಕೆಂದು ಒಳಗೆ ತಗ್ಗಿಸಿದ ಸಂದು ನೀರು ಹಿಡಿಯುವ ತಟ್ಟೆಯಾಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಗೋಡೆ ಪೂರ್ತಿ ಒಣಗಿರುವಾಗ ಕಲ್ಲು ನೀರು ಕುಡಿಯದಂತೆ ಮಾಡುವ ಸೈಲೇನ್-ಸೈಲಾಕ್ಸೇನ್ ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ, ತೊಯ್ದು ಇಳಿಯುವಷ್ಟು, ಮೊದಲ ಸುತ್ತು ಒಣಗುವ ಮುಂಚೆಯೇ ಎರಡನೇ ಸುತ್ತು ಕೊಡಿಸಿ. ಅದು ಪದರ ಕಟ್ಟುವುದಿಲ್ಲ, ಕಲ್ಲಿನ ಬೆವರನ್ನೂ ತಡೆಯುವುದಿಲ್ಲ. ಚಿರೆಕಲ್ಲು ಬಹಳ ಕುಡಿಯುತ್ತದೆ. ಒಂದು ಚದರ ಮೀಟರಿಗೆ ಎಷ್ಟು ಹೋಗುತ್ತದೆಂದು ನೋಡಿಯೇ ಡಬ್ಬಿ ಕೊಳ್ಳಿ.

ಪ್ರಶ್ನೆ: ಹೊದಿಕೆಯ ಖರ್ಚೇ ಬೇಡ, ಒಳ್ಳೆಯ ಸಾರಣೆ, ರಬ್ಬರಿನಂಥ ದಪ್ಪ ಬಣ್ಣ ಸಾಕು ಎನ್ನುತ್ತಾರೆ ನಮ್ಮ ಮೇಸ್ತ್ರಿ. ಹೊಸ ಮನೆ.
— ಓದುಗರು, ಸುರತ್ಕಲ್

ಉತ್ತರ: ಸೂರು ಅಗಲವಾಗಿದ್ದರೆ ಸಾಕು. ಆದರೆ ಸಿಮೆಂಟ್-ಮರಳು 1:3ರ 'ಗಟ್ಟಿ' ಮಾಲು ಬೇಡ. ಮುರಕಲ್ಲು ಮೆತ್ತಗೆ, ಮೇಲಿನ ಸಾರಣೆ ಅದಕ್ಕಿಂತ ತೀರ ಗಟ್ಟಿಯಾದರೆ ಬಿರಿದು ಚಕ್ಕೆಯಾಗಿ ಏಳುತ್ತದೆ. ಒಳಪದರ 1:4, 12 ಮಿ.ಮೀ.; ಹೊರಪದರ 1:5, 6ರಿಂದ 8 ಮಿ.ಮೀ. ವಾಟರ್‌ಪ್ರೂಫಿಂಗ್ ದ್ರಾವಣ ಮೂಟೆಗೆ ಸಾಮಾನ್ಯವಾಗಿ 200 ಮಿ.ಲೀ., ಡಬ್ಬಿಯ ಮೇಲೆ ಬೇರೆ ಇದ್ದರೆ ಅದರಂತೆ. ಬೀಮ್ ಮತ್ತು ಕಲ್ಲು ಕೂಡುವಲ್ಲಿ ಎರಡೂ ಕಡೆ 150 ಮಿ.ಮೀ. ಬರುವಂತೆ ಜಾಲರಿ. ಅಳಿವೆಯ ಹತ್ತಿರದ ಮರಳಾದರೆ ಉಪ್ಪಿನ ಅನುಮಾನವಿರಲಿ: ಒಂದು ಹಿಡಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಕದಡಿ, ತಿಳಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಹಾಲಿನಂತೆ ದಟ್ಟವಾಗಿ ಬೆಳ್ಳಗಾಗುವ ಮರಳು ವಾಪಸ್ ಹೋಗಲಿ. ಏಳು ದಿನ ನೀರುಣಿಸಿ, ಬಣ್ಣಕ್ಕೆ 28 ದಿನ ಕಾಯಿರಿ.

ರಬ್ಬರಿನಂಥ ಬಣ್ಣ ಮುಂದಿನಿಂದ ಬರುವ ನೀರಿಗಷ್ಟೇ. ಪ್ಯಾರಪೆಟ್ಟಿನ ತಲೆಯಿಂದ ನೀರು ಇಳಿದರೆ ಅದೇ ಬಣ್ಣ ಚೀಲದಂತೆ ಉಬ್ಬುತ್ತದೆ. ಪ್ಯಾರಪೆಟ್ಟಿನ ಮೇಲ್ಮೈ ತಾರಸಿಯ ಕಡೆಗೆ ಇಳಿಜಾರಾಗಿರಲಿ, ಕಿಟಕಿಯ ಮೇಲೆ ಚಾಚಿದ ಸಜ್ಜೆಯ ಅಡಿಯಲ್ಲಿ, ನೀರು ಗೋಡೆಗೆ ಹರಿಯದಂತೆ, ಅಂಚಿನುದ್ದಕ್ಕೂ 12 ಮಿ.ಮೀ. ಗೀರು ತೆಗೆಸಿ. ಹೊರಗೋಡೆಗೆ ಪುಟ್ಟಿ ಬೇಡವೇ ಬೇಡ.

ಪ್ರಶ್ನೆ: ನಾವು ಕುಂದಾಪುರದವರು, ಈಗ ಟೆಕ್ಸಸ್‌ನ ಲೀಗ್ ಸಿಟಿಯಲ್ಲಿದ್ದೇವೆ. 1990ರ ದಶಕದ ಮರದ ಚೌಕಟ್ಟಿನ ಮನೆ. ಹಾರ್ಡ್‌ಬೋರ್ಡ್ ಸೈಡಿಂಗ್ ಕೆಳ ಅಂಚಿನಲ್ಲಿ ಉಬ್ಬಿದೆ, 2024ರ ಜುಲೈಯ ಬೆರಿಲ್ ಚಂಡಮಾರುತದಲ್ಲಿ ಕೆಲವು ಹಲಗೆ ಹಾರಿಹೋದವು. ವಿನೈಲ್ ಅಗ್ಗ, ಫೈಬರ್ ಸಿಮೆಂಟ್ ದುಬಾರಿ. ಆ ಬೆಲೆಗೆ ತಕ್ಕದ್ದೇ?
— ಓದುಗರು, ಲೀಗ್ ಸಿಟಿ

ಉತ್ತರ: ತಕ್ಕದ್ದು. ವಿನೈಲ್ ಕೊಳೆಯುವುದಿಲ್ಲ ನಿಜ, ಆದರೆ ಅದನ್ನು ಮೊಳೆಗೆ ನೇತುಹಾಕುವುದೇ ಹೊರತು ಬಿಗಿಯುವಂತಿಲ್ಲ. ಮೊಳೆಯ ತಲೆ ಮತ್ತು ಹಲಗೆಯ ನಡುವೆ ಸುಮಾರು ಒಂದು ಮಿ.ಮೀ. ಸಡಿಲ ಬಿಡಲೇಬೇಕು, ಇಲ್ಲವಾದರೆ ಬಿಸಿಲಿಗೆ ಹಿಗ್ಗಿ ಅಲೆಯಾಗುತ್ತದೆ. ಆ ಸಡಿಲದಲ್ಲೇ ಗಾಳಿ ಹೊಕ್ಕು ಅಂಚನ್ನು ಎತ್ತುತ್ತದೆ. ಪಕ್ಕದ ಮನೆಯ ಲೋ-ಇ (ಶಾಖ ಪ್ರತಿಫಲಿಸುವ ಲೇಪದ) ಕಿಟಕಿಯಿಂದ ಪ್ರತಿಫಲಿಸಿದ ಬಿಸಿಲೂ ಅದನ್ನು ಕರಗಿಸಿ ಸೊಟ್ಟ ಮಾಡಬಲ್ಲದು.

ಫೈಬರ್ ಸಿಮೆಂಟ್ ಹಾಕಿಸುವಾಗ ಮೊಳೆಗಳು ಬರೀ ಹಿಂದಿನ ಮರದ ಚಕ್ಕೆಯ ಹಲಗೆಯಾದ ಓಎಸ್‌ಬಿಗಲ್ಲ, 16 ಇಂಚಿಗೊಂದರಂತಿರುವ ಚೌಕಟ್ಟಿನ ನಿಲುಗಂಬಕ್ಕೆ, ಅಂದರೆ ಸ್ಟಡ್‌ಗೆ ಇಳಿಯಬೇಕು. ಹಾಟ್-ಡಿಪ್ ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್. ನೇಲ್ ಗನ್ನಿನ ಒತ್ತಡ ಜಾಸ್ತಿಯಾಗಿ ತಲೆ ಹಲಗೆಯೊಳಗೆ ಮುಳುಗಿದರೆ ಆ ಮೊಳೆ ಲೆಕ್ಕಕ್ಕಿಲ್ಲ, ಪಕ್ಕದಲ್ಲಿ ಇನ್ನೊಂದು. ನೆಲದಿಂದ 6 ಇಂಚು, ಕೆಳಮಾಡಿನ ಮೇಲ್ಮೈಯಿಂದ 2 ಇಂಚು ಬಿಡಿಸಿ. ಹಿಂದಿನ ಹೌಸ್‌ರ‍್ಯಾಪಿನಲ್ಲಿ (ಗೋಡೆಗೆ ಸುತ್ತುವ ನೀರುತಡೆ ಹಾಳೆ) ಮೇಲಿನ ಹಾಳೆ ಕೆಳಗಿನದರ ಮೇಲೆ ಬಂದಿದೆಯೇ, ಕಿಟಕಿಯ ತಲೆಯ ಫ್ಲ್ಯಾಶಿಂಗ್ ಅದರ ಒಳಗೆ ಸೇರಿದೆಯೇ ಎಂದು ಹಲಗೆ ಹೊಡೆಯುವ ಮೊದಲು ನೀವೇ ಫೋಟೊ ತೆಗೆದಿಟ್ಟುಕೊಳ್ಳಿ. ಹಾರ್ಡ್‌ಬೋರ್ಡ್ ಕಿತ್ತಾಗ ಓಎಸ್‌ಬಿ ಕಪ್ಪಾಗಿ ಮೆತ್ತಗಾಗಿರುವ ಕಡೆ ಬದಲಿಸದೆ ಮುಚ್ಚಲು ಬಿಡಬೇಡಿ.

ಊರಿನ ಗೋಡೆಗೂ ಅಲ್ಲಿಯದಕ್ಕೂ ಒಂದು ದೊಡ್ಡ ವ್ಯತ್ಯಾಸ ಏಸಿ. ಹೊರಗಿನ ಸೆಕೆಗಾಳಿಯ ತೇವ ತಂಪಾದ ಒಳಗೋಡೆಯತ್ತ ಹೋಗುತ್ತದೆ. ಆದ್ದರಿಂದ ಒಳಗಡೆ ಪಾಲಿಥೀನ್ ಹಾಳೆಯಾಗಲಿ, ವಿನೈಲ್ ವಾಲ್‌ಪೇಪರಾಗಲಿ ಬೇಡ. ಅದರ ಹಿಂದೆ ಬೂಷ್ಟು ಬೆಳೆಯುತ್ತದೆ.

ನಿಮ್ಮದು ಗ್ಯಾಲ್ವೆಸ್ಟನ್ ಕೌಂಟಿ, ರಾಜ್ಯದ ವಿಂಡ್‌ಸ್ಟಾರ್ಮ್ ನಿಯಮದ 14 ಕರಾವಳಿ ಕೌಂಟಿಗಳಲ್ಲಿ ಒಂದು. ಟಿಡಬ್ಲ್ಯುಐಎ (ಟೆಕ್ಸಸ್ ವಿಂಡ್‌ಸ್ಟಾರ್ಮ್ ವಿಮಾ ಸಂಘ) ವಿಮೆಗೆ, ಕೆಲಸ ಆ ನಿಯಮದಂತಿದೆ ಎನ್ನುವ ಡಬ್ಲ್ಯುಪಿಐ-8 ಪ್ರಮಾಣಪತ್ರ ಬೇಕು. ಗುತ್ತಿಗೆಗೆ ಸಹಿ ಹಾಕುವ ಮುಂಚೆ ಇನ್‌ಸ್ಪೆಕ್ಟರನ್ನು ಗೊತ್ತುಮಾಡಿ, ಮೊಳೆ ಕಣ್ಣಿಗೆ ಕಾಣುವ ಹಂತದಲ್ಲೇ ಬಂದು ನೋಡುವಂತೆ ದಿನ ನಿಗದಿ ಮಾಡಿಕೊಳ್ಳಿ, ಕೊನೆಯ ಕಂತಿನ ಹಣ ಪ್ರಮಾಣಪತ್ರ ಕೈಗೆ ಬಂದ ಮೇಲೆ ಎಂದು ಗುತ್ತಿಗೆಯಲ್ಲೇ ಬರೆಸಿ.