ಅಮೆರಿಕದ ಕಾನ್ಸಾಸ್‌ನ ಗ್ರಹಾಂ ಕೌಂಟಿಯಲ್ಲಿ ಕೆಲಸ ಸಿಕ್ಕಿದೆ. ಇಡೀ ಕೌಂಟಿಗೆ ಜನ ಬರೀ 2,400. ಅಲ್ಲಿ ಏನೂ ಇಲ್ಲವಂತೆ, ಹೋಗಬಹುದಾ? ಮನೆ ತುಂಬಾ ಅಗ್ಗವಂತೆ, ಬಾಡಿಗೆ ಬದಲು ಕೊಂಡೇಬಿಡಲಾ?

ಹೋಗಿ. ಮನೆ ಮಾತ್ರ ಕೊಳ್ಳಬೇಡಿ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು, ಅದೂ ಇದೇ ಕೌಂಟಿಯ ಬಗ್ಗೆ, ನಾನೂ ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ. ನೆಟ್ಟಗೆ ಉತ್ತರ ಕೊಟ್ಟವರು ಯಾರೂ ಇರಲಿಲ್ಲ. ಹಾಗಾಗಿ ಸ್ವಲ್ಪ ಉದ್ದವಾದರೂ ಓದಿ.

ನಾನು ಗದಗ ಕಡೆಯವನು. ಫಿಸಿಯೋಥೆರಪಿಸ್ಟ್. ಕೌಂಟಿಯ ಮುಖ್ಯ ಊರು ಹಿಲ್ ಸಿಟಿಗೆ ಕೆಲಸದ ಮೇಲೆ ಹೋದೆ. 2,400 ಜನ ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಕಡೆಯ ಒಂದು ಸಾಧಾರಣ ಹಳ್ಳಿ. ಒಂದು ಅಗಸಿ, ಒಂದು ಗುಡಿ, ನಾಲ್ಕು ಓಣಿ. ಆದರೆ ಕೌಂಟಿ ಅಂದರೆ ಹಳ್ಳಿ ಅಲ್ಲ, ನಮ್ಮ ಜಿಲ್ಲೆ ಇದ್ದ ಹಾಗೆ. ಗ್ರಹಾಂ ಕೌಂಟಿಯ ವಿಸ್ತೀರ್ಣ ಸುಮಾರು 2,300 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆ ಅದಕ್ಕಿಂತ ತುಸು ಚಿಕ್ಕದು. 2011ರ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ ಇದ್ದರು. 2020ರಲ್ಲಿ ಗ್ರಹಾಂ ಕೌಂಟಿಯಲ್ಲಿ 2,415. ಅದರಲ್ಲಿ ಸುಮಾರು 1,400 ಜನ ಹಿಲ್ ಸಿಟಿಯಲ್ಲೇ ಇದ್ದಾರೆ. ಉಳಿದವರು ಬೋಗ್, ಮೋರ್‌ಲ್ಯಾಂಡ್, ನಿಕೋಡೆಮಸ್ ಅನ್ನೋ ಸಣ್ಣ ಊರುಗಳಲ್ಲಿ ಮತ್ತು ಹೊಲದ ಮನೆಗಳಲ್ಲಿ.

ಈಗ ನನ್ನ ಮನೆ ವಿಷಯ. ಹೋದ ಹೊಸದರಲ್ಲೇ ಒಂದು ಮನೆ ನೋಡಿದೆ. ಮೂರು ಬೆಡ್‌ರೂಮು, ಬೇಸ್‌ಮೆಂಟು, ಹಿಂದೆ ಎರಡು ಕಾರು ನಿಲ್ಲುವ ಗ್ಯಾರೇಜು. ಬೆಲೆ ಎಷ್ಟು ಅಂದರೆ, ಬೆಂಗಳೂರಿನ ಅಂಚಿನಲ್ಲಿ ಒಂದು ತರ್ಟಿ-ಫಾರ್ಟಿ ಸೈಟಿಗೆ ಕೊಡುವುದಕ್ಕಿಂತ ಕಡಿಮೆ. ಊರಿಗೆ ಫೋನ್ ಮಾಡಿದೆ. ಅಪ್ಪ ಒಂದೇ ಮಾತು ಹೇಳಿದರು: "ತಗೊಂಡ್‌ಬಿಡು, ಜಾಗ ಯಾವತ್ತೂ ಕೈ ಬಿಡಂಗಿಲ್ಲ." ನಾನೂ ಅದನ್ನೇ ನಂಬಿ ಬೆಳೆದವನು. ನಮ್ಮಲ್ಲಿ ಸೈಟಿನ ಬೆಲೆ ಇಳಿದದ್ದನ್ನು ಯಾರು ನೋಡಿದ್ದಾರೆ ಹೇಳಿ? ಏರುವುದು ನಿಧಾನ ಆಗಬಹುದು, ಅಷ್ಟೇ. ಈ ಲೆಕ್ಕ ಇಟ್ಟುಕೊಂಡು ಕೊಂಡೆ.

ತಪ್ಪಾದದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅದನ್ನೇ ಮಾಡುವ ಹಾಗೆ ಕಾಣುತ್ತಿದೆ. ನಾನು ನೋಡಿದ್ದು ಒಂದು ವರ್ಷದ ಜನಸಂಖ್ಯೆ. ನೋಡಬೇಕಾಗಿದ್ದದ್ದು ನೂರು ವರ್ಷದ್ದು. ಹತ್ತು ವರ್ಷಕ್ಕೊಮ್ಮೆ ಗಣತಿ ಇದೆ, ಯಾರು ಬೇಕಾದರೂ ನೋಡಬಹುದು. ಗ್ರಹಾಂ ಕೌಂಟಿಯಲ್ಲಿ 1880ರಲ್ಲಿ 4,258 ಜನ. 1910ರಲ್ಲಿ 8,700. ಅದೇ ತುತ್ತತುದಿ. 1930ರಲ್ಲಿ 7,772, 1940ರಲ್ಲಿ 6,071, 1950ರಲ್ಲಿ 5,020. 1960ರಲ್ಲಿ ಸ್ವಲ್ಪ ಏರಿ 5,586. ಆಮೇಲೆ ಪ್ರತಿ ಗಣತಿಯಲ್ಲೂ ಇಳಿತವೇ.

ಇದರ ಅರ್ಥ ಮನೆಗೆ ಬಂದಾಗ ಏನು ಗೊತ್ತಾ? ಐದು ಸಾವಿರ, ಆರು ಸಾವಿರ ಜನಕ್ಕೆ ಅಂತ ಕಟ್ಟಿದ ಮನೆಗಳು ಇನ್ನೂ ನಿಂತಿವೆ. ಜನ ಅರ್ಧಕ್ಕಿಂತ ಕಡಿಮೆ ಆಗಿದ್ದಾರೆ. ಕೊಳ್ಳುವಾಗ ನಿಮಗೆ ಅಗ್ಗವಾಗಿ ಸಿಗಲು ಯಾವುದು ಕಾರಣವೋ, ಮಾರುವಾಗ ಅದೇ ಕಾರಣ ಎದುರಿಗೆ ನಿಲ್ಲುತ್ತೆ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಮಾರೋಕೆ ಹೊರಟಾಗ ಕೊಳ್ಳುವವರೇ ಇಲ್ಲ. ಒಬ್ಬರು ಬಂದರು, ಅವರಿಗೆ ಸಾಲ ಕೊಡಬೇಕಾದ ಬ್ಯಾಂಕು ಮನೆಯ ಬೆಲೆ ಕಟ್ಟಿಸಬೇಕು. ಬೆಲೆ ಕಟ್ಟುವವನು ಅಕ್ಕಪಕ್ಕ ಇತ್ತೀಚೆಗೆ ಮಾರಾಟವಾದ ಅಂಥದೇ ಮನೆಗಳನ್ನು ನೋಡಿ ಲೆಕ್ಕ ಹಾಕುತ್ತಾನೆ. ಅಲ್ಲಿ ಮಾರಾಟವೇ ಅಪರೂಪ, ಹೋಲಿಸೋಕೆ ಏನಿದೆ? ಕೊನೆಗೆ ಆ ಊರಿನವರೊಬ್ಬರು ಕೈಯಲ್ಲಿದ್ದ ದುಡ್ಡು ಕೊಟ್ಟು ತಗೊಂಡರು. ಅವರು ಹೇಳಿದ ರೇಟಿಗೆ. ನಾನು ಹಾಕಿಸಿದ ಹೊಸ ಛಾವಣಿಯ ಖರ್ಚೂ ಹುಟ್ಟಲಿಲ್ಲ.

ತೆರಿಗೆ ಇನ್ನೊಂದು ಕಥೆ. ಮನೆ ಅಗ್ಗ ಅಂದರೆ ತೆರಿಗೆಯೂ ಅಗ್ಗ ಅಂದುಕೊಂಡಿದ್ದೆ. ಆದರೆ ಅಲ್ಲಿ ಜಮೀನನ್ನು ಮೊದಲೇ ಮೈಲಿಗೊಂದು ಗೆರೆ ಎಳೆದು ಚೌಕ ಚೌಕ ಮಾಡಿ ಅಳೆದಿದ್ದಾರೆ. ಒಂದು ಚೌಕ 640 ಎಕರೆ. ಗೆರೆಗಳ ಮೇಲೆ ಮಣ್ಣಿನ ರಸ್ತೆಗಳು ಓಡುತ್ತವೆ. ಜನ ಹೋದರೂ ರಸ್ತೆ ಹೋಗಲ್ಲ. ಅಷ್ಟೂ ರಸ್ತೆ, ಸೇತುವೆ, ಶಾಲೆ, ಶೆರಿಫ್ ಆಫೀಸು, ಎಲ್ಲದರ ಖರ್ಚು ಉಳಿದವರ ತಲೆ ಮೇಲೆ. ಹಾಗಾಗಿ ಬೆಲೆಗೆ ಹೋಲಿಸಿದರೆ ತೆರಿಗೆ ದರ ಜಾಸ್ತಿ. ಆಲಿಕಲ್ಲಿನ ವಿಮೆ ಬೇರೆ. ಪ್ಲಂಬರ್ ಬೇಕೆಂದರೆ ಅವನ ಸರದಿ ಬರುವವರೆಗೆ ಕಾಯಬೇಕು. ಬೇಸ್‌ಮೆಂಟಿಗೆ ನೀರು ನುಗ್ಗಿದ ದಿನ ನಾನೇ ಬಕೆಟ್ ಹಿಡಿದು ನಿಂತಿದ್ದೆ.

ಇಷ್ಟು ಕೇಳಿ "ಹಾಗಾದರೆ ಸತ್ತ ಊರು" ಅಂತ ತೀರ್ಮಾನ ಮಾಡಬೇಡಿ. ಅಲ್ಲಿ ಏನೂ ಇಲ್ಲವಂತೆ ಅಂತ ಬರೆದಿದ್ದೀರಲ್ಲ, ಆ ಮಾತನ್ನು ನಾನು ಒಪ್ಪಲ್ಲ. 2,400 ಕಡಿಮೆ ಆಯಿತು ಅನ್ನುವವರು 8,700 ಜಾಸ್ತಿ ಆಗಿತ್ತಾ ಅಂತ ಕೇಳುವುದೇ ಇಲ್ಲ. ನನ್ನ ಪ್ರಕಾರ ಜಾಸ್ತಿಯೇ ಆಗಿತ್ತು.

ಹೇಗೆ ಅಂದರೆ, 1862ರ ಹೋಮ್‌ಸ್ಟೆಡ್ ಕಾಯಿದೆ ಬಂದಾಗ ಸರಕಾರ ಹೇಳಿದ್ದು ಇಷ್ಟು: 160 ಎಕರೆ ತಗೊಳ್ಳಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿ, ನಿಮ್ಮದಾಗುತ್ತೆ. ಮಳೆ ಚೆನ್ನಾಗಿ ಬೀಳುವ ಪೂರ್ವದ ರಾಜ್ಯಗಳಲ್ಲಿ 160 ಎಕರೆ ಅಂದರೆ ದೊಡ್ಡ ಆಸ್ತಿ. ಆದರೆ ನೂರನೇ ಡಿಗ್ರಿ ಪಶ್ಚಿಮ ರೇಖಾಂಶ ಇದೇ ಗ್ರಹಾಂ ಕೌಂಟಿಯೊಳಗೆ ಹಾದು ಹೋಗುತ್ತದೆ. ಆ ಗೆರೆಯಿಂದ ಪಶ್ಚಿಮಕ್ಕೆ ಹೋದಂತೆ ಮಳೆ ನಂಬಿ ಬೇಸಾಯ ಮಾಡುವುದು ಕಷ್ಟ ಅಂತ ಭೂಗರ್ಭಶಾಸ್ತ್ರಜ್ಞ ಜಾನ್ ವೆಸ್ಲಿ ಪೊವೆಲ್ 1878ರಲ್ಲೇ ವರದಿ ಕೊಟ್ಟಿದ್ದ. ಒಣ ಸೀಮೆಯಲ್ಲಿ ದನ ಮೇಯಿಸಿ ಬದುಕಬೇಕಾದರೆ ಒಂದು ಕುಟುಂಬಕ್ಕೆ 2,560 ಎಕರೆ ಬೇಕು ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಲ್ ಸಿಟಿಯ ಮಳೆ ವರ್ಷಕ್ಕೆ ಸುಮಾರು 22-23 ಇಂಚು. ನಮ್ಮ ಗದಗಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಮಳೆಯಲ್ಲಿ ಒಂದೆರಡು ವರ್ಷ ಕೈಕೊಟ್ಟರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ? 1930ರ ದಶಕದ ಬರ, ಧೂಳಿನ ಬಿರುಗಾಳಿ ಬಂದಾಗ ಗಂಟುಮೂಟೆ ಕಟ್ಟಿಕೊಂಡು ಹೋದರು. ಆಮೇಲೆ ಟ್ರ್ಯಾಕ್ಟರು, ಕೊಯ್ದು ಒಕ್ಕುವ ಕಂಬೈನು ಬಂದವು. ಹತ್ತು ಮನೆಯವರು ಮಾಡುತ್ತಿದ್ದ ಹೊಲವನ್ನು ಒಂದೇ ಮನೆಯವರು ಮಾಡತೊಡಗಿದರು. ನಡುವೆ 1960ರಲ್ಲಿ ಕಾಣುವ ಏರಿಕೆ ಎಣ್ಣೆ ಬಾವಿಗಳ ಕಾಲದ್ದು. ಇವತ್ತಿಗೂ ಗೋಧಿ ಹೊಲದ ನಡುವೆ ಎಣ್ಣೆ ಎತ್ತುವ ಪಂಪ್‌ಜ್ಯಾಕ್ ತಲೆ ಆಡಿಸುತ್ತಿರುತ್ತದೆ.

ಚರಿತ್ರೆ ಬೇಕಾದರೆ ಹಿಲ್ ಸಿಟಿಯಿಂದ ಪೂರ್ವಕ್ಕೆ ಹೆದ್ದಾರಿ 24ರಲ್ಲಿ ಹೋಗಿ. ನಿಕೋಡೆಮಸ್ ಸಿಗುತ್ತದೆ. ಬೋರ್ಡು ನೋಡದಿದ್ದರೆ ದಾಟಿಯೇ ಹೋಗುತ್ತೀರಿ, ಅಷ್ಟು ಸಣ್ಣದು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕಟ್ಟಿಕೊಂಡ ಊರದು. 1877ರಲ್ಲಿ ಡಬ್ಲ್ಯು. ಆರ್. ಹಿಲ್ ಅನ್ನೋ ಬಿಳಿಯ ಮತ್ತು ಡಬ್ಲ್ಯು. ಎಚ್. ಸ್ಮಿತ್ ಅನ್ನೋ ಕಪ್ಪು ಪಾದ್ರಿ ಸೇರಿ ಕಂಪನಿ ಮಾಡಿ ಕೆಂಟಕಿಯಲ್ಲಿ ಕರಪತ್ರ ಹಂಚಿದರು. ಅದೇ ಸೆಪ್ಟೆಂಬರ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಬಂದರು. ರೈಲು ಇದ್ದದ್ದು ಎಲ್ಲಿಸ್ ಅನ್ನೋ ಊರಿನವರೆಗೆ. ಅಲ್ಲಿಂದ ಮುಂದೆ ಬಟ್ಟಬಯಲಿನಲ್ಲಿ ನಡಿಗೆ. ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಅನ್ನೋ ಹೆಣ್ಣುಮಗಳು ಊರು ಎಲ್ಲಿದೆ ಅಂತ ಕೇಳಿದಳಂತೆ. ಗಂಡಸರು ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿದರು. ಕಟ್ಟೋಕೆ ಮರ ಇಲ್ಲದೆ ಜನ ನೆಲ ಅಗೆದು ಗವಿ ಮಾಡಿಕೊಂಡು ಅದರೊಳಗೇ ಇದ್ದರು. ಅವಳು ಅತ್ತುಬಿಟ್ಟಳು. ಆ ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಒಸೇಜ್ ಬುಡಕಟ್ಟಿನವರು ಮಾಂಸ ಕೊಟ್ಟು ಬದುಕಿಸಿದರು ಅಂತ ಅಲ್ಲಿಯವರು ಹೇಳುತ್ತಾರೆ.

ಇಂಥ ಊರಿಂದ ಎಂಥವರು ಎದ್ದರು ನೋಡಿ. ಎಡ್ವರ್ಡ್ ಮೆಕೇಬ್ 1878ರಲ್ಲಿ ನಿಕೋಡೆಮಸ್‌ಗೆ ಬಂದ. 1880ರಲ್ಲಿ ಕೌಂಟಿ ಆಡಳಿತ ಶುರುವಾದಾಗ ರಾಜ್ಯಪಾಲ ಅವನನ್ನು ಕ್ಲರ್ಕ್ ಹುದ್ದೆಗೆ ನೇಮಿಸಿದ. 1882ರಲ್ಲಿ ಅವನು ಇಡೀ ಕಾನ್ಸಾಸ್ ರಾಜ್ಯದ ಲೆಕ್ಕ ತಪಾಸಕನಾಗಿ ಚುನಾವಣೆ ಗೆದ್ದ. ಆ ರಾಜ್ಯದಲ್ಲಿ ಆ ಮಟ್ಟದ ಹುದ್ದೆಗೆ ಆರಿಸಿ ಬಂದ ಮೊದಲ ಕಪ್ಪು ಮನುಷ್ಯ ಅವನೇ. ಆಮೇಲೆ ಒಕ್ಲಹೋಮಾಗೆ ಹೋಗಿ ಲ್ಯಾಂಗ್‌ಸ್ಟನ್ ಊರು ಕಟ್ಟಲು ನಿಂತ.

ನಿಕೋಡೆಮಸ್ ಬಡವಾದದ್ದು ರೈಲಿನಿಂದ. 1887ರಲ್ಲಿ ಅಲ್ಲಿಯ ಮತದಾರರು ಮಿಸೌರಿ ಪೆಸಿಫಿಕ್ ರೈಲು ತರಿಸಲು 16,000 ಡಾಲರ್ ಬಾಂಡಿಗೆ ಒಪ್ಪಿದರು. ರೈಲು ಬರಲಿಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ನದಿಯ ಆಚೆ ಕಡೆ. ಆ ಹಳಿಯ ಪಕ್ಕದಲ್ಲಿ ಬೋಗ್ ಎದ್ದಿತು. ನಿಕೋಡೆಮಸ್‌ನ ಅಂಗಡಿಗಳು ಒಂದೊಂದಾಗಿ ಅಲ್ಲಿಗೆ ಹೋದವು. ಕೆಲವರಂತೂ ಕಟ್ಟಡವನ್ನೇ ಎತ್ತಿಕೊಂಡು ಹೋದರು. ಈಗ ನಿಕೋಡೆಮಸ್‌ನಲ್ಲಿ ಇರುವವರು ಬೆರಳೆಣಿಕೆಯಷ್ಟು. 1996ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಮಾಡಿದರು. ಚರ್ಚು, ಶಾಲೆ, ಸೇಂಟ್ ಫ್ರಾನ್ಸಿಸ್ ಹೋಟೆಲ್, ಟೌನ್‌ಶಿಪ್ ಹಾಲ್ ಉಳಿದಿವೆ. ಪ್ರತಿ ವರ್ಷ ಜುಲೈ ಕೊನೆಯ ವಾರಾಂತ್ಯದಲ್ಲಿ ಆ ಊರಿನ ಮನೆತನದವರು ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ಜಾತ್ರೆಗೆ ಊರಿಗೆ ಬರುತ್ತೀವಲ್ಲ, ಹಾಗೆ. ನೀವು ಹೋದ ವರ್ಷವೇ ಅದನ್ನು ನೋಡಿ. ಗಣತಿಯಲ್ಲಿ ಕಾಣದ ಜನಸಂಖ್ಯೆ ಅವತ್ತು ಕಣ್ಣಿಗೆ ಬೀಳುತ್ತೆ.

ದಿನದ ಬದುಕು ಹೇಗೆ ಅಂತೀರಾ? ಎದುರಿಗೆ ಬರುವ ಪ್ರತಿ ಪಿಕಪ್‌ನವನೂ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾನೆ. ಅದೇ ನಮಸ್ಕಾರ. ನೀವೂ ಎತ್ತಬೇಕು, ಇಲ್ಲದಿದ್ದರೆ ಹೊಸಬ ಗತ್ತಿನವನು ಅನ್ನುತ್ತಾರೆ. ಬೇಸಿಗೆ ಕೆಟ್ಟದ್ದು. 2012ರ ಜೂನ್‌ನಲ್ಲಿ ಹಿಲ್ ಸಿಟಿ 115 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ 46 ಸೆಲ್ಸಿಯಸ್. ನಮ್ಮ ರಾಯಚೂರಿನವರೂ ಕೈಮುಗಿಯಬೇಕು. ಚಳಿಗಾಲದಲ್ಲಿ ಗಾಳಿ ಬೀಸಿದರೆ ನೆಲದ ಹಿಮವೇ ಎದ್ದು ರಸ್ತೆ ಮುಚ್ಚುತ್ತೆ. ದೊಡ್ಡ ಪೇಟೆ ಅಂದರೆ ಹೇಸ್, ಒಂದು ಗಂಟೆ ದಾರಿ. ಅಲ್ಲಿ ಯೂನಿವರ್ಸಿಟಿ ಇದೆ, ಒಂದಿಷ್ಟು ನಮ್ಮ ದೇಶದವರು ಸಿಗುತ್ತಾರೆ. ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿಗೆ ಡೆನ್ವರ್ ಕಡೆ ಹೋದಾಗ ಡಿಕ್ಕಿ ತುಂಬ ತಂದಿಟ್ಟುಕೊಳ್ಳಿ.

ಜೋಳ ಮಾತ್ರ ಅಲ್ಲೇ ಇದೆ! ಅವರು ಮೈಲೋ ಅನ್ನುತ್ತಾರೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕಾನ್ಸಾಸ್. ಸೆಪ್ಟೆಂಬರ್‌ನಲ್ಲಿ ಕೆಂಪು ತೆನೆ ತುಂಬಿದ ಹೊಲ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ನನ್ನ ಹತ್ತಿರ ಮೊಣಕಾಲು ನೋವಿಗೆ ಬರುತ್ತಿದ್ದ ರೈತರೊಬ್ಬರನ್ನು ಕೇಳಿದೆ. ಮನುಷ್ಯರು ಅದನ್ನು ತಿನ್ನುತ್ತಾರಾ ಅಂತ ನಕ್ಕರು, ಅವರಿಗೆ ಅದು ದನದ ಮೇವು, ಎಥನಾಲ್ ಮಾಡುವ ಕಾಳು. ಆದರೂ ಒಂದು ಬಕೆಟ್ ತಂದುಕೊಟ್ಟರು. ಕಲ್ಲು ಆರಿಸಿ, ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಬಿಸಿನೀರಲ್ಲಿ ನಾದಿ ತಟ್ಟಿದೆ. ಅಂಚು ಸೀಳಿತು, ಬಣ್ಣ ಇಟ್ಟಿಗೆ ಪುಡಿಯ ಹಾಗೆ. ಆದರೂ ಬೆಂಕಿ ಮೇಲೆ ಉಬ್ಬಿತು. ಅವರಿಗೂ ಒಂದು ರೊಟ್ಟಿ ಕೊಟ್ಟೆ, ಶೇಂಗಾ ಚಟ್ನಿ ಹಚ್ಚಿ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದರು.

ಇನ್ನು ನಿಮ್ಮ ಕೆಲಸಕ್ಕೆ ಬರುವ ಮಾತು. ಹೊರಗಿನಿಂದ ಬಂದು ನೆಲೆಸುವವರಿಗೆ ಕಾನ್ಸಾಸ್ 2011ರಲ್ಲಿ ಕೆಲವು ಕೌಂಟಿಗಳಲ್ಲಿ ವಿದ್ಯಾಭ್ಯಾಸದ ಸಾಲ ತೀರಿಸಲು ಸಹಾಯ, ತೆರಿಗೆ ವಿನಾಯಿತಿ ಅಂತ ಯೋಜನೆ ಮಾಡಿತ್ತು. ಕೆಲಸ ಒಪ್ಪಿಕೊಳ್ಳುವ ಮೊದಲೇ ಕೌಂಟಿ ಆಫೀಸಿಗೆ ಫೋನ್ ಮಾಡಿ ನಿಮಗೆ ಏನು ಸಿಗುತ್ತೆ ಕೇಳಿ. ಹೇಸ್‌ನಲ್ಲಿ ಮನೆ ಮಾಡಿ ದಿನಾ ಓಡಾಡುವ ಯೋಚನೆ ಇದ್ದರೆ ಬಿಡಿ. ಚಳಿಗಾಲದಲ್ಲಿ ಆಗಲ್ಲ, ಮತ್ತು ಊರಲ್ಲಿ ಮಲಗದವನನ್ನು ಆ ಊರು ತನ್ನವನು ಅನ್ನಲ್ಲ. ಬಾಡಿಗೆ ಮನೆ ಆನ್‌ಲೈನ್‌ನಲ್ಲಿ ಹುಡುಕಿದರೆ ಒಂದೂ ಕಾಣಲ್ಲ. ಹಾಗಂತ ಗಾಬರಿಯಾಗಿ ಕೊಳ್ಳೋಕೆ ಹೋಗಬೇಡಿ, ನಾನು ಹಾಗೇ ಹೋದದ್ದು. ಮನೆಗಳಿವೆ, ಜಾಹೀರಾತು ಇಲ್ಲ ಅಷ್ಟೇ. ಬ್ಯಾಂಕಿನಲ್ಲಿ, ಧಾನ್ಯ ತೂಗಿ ಕೂಡಿಡುವ ಎಲಿವೇಟರ್ ಅನ್ನೋ ಉಗ್ರಾಣದ ಆಫೀಸಿನಲ್ಲಿ, ನಿಮ್ಮನ್ನು ಕೆಲಸಕ್ಕೆ ಕರೆದವರಲ್ಲಿ ಬಾಯಿ ಬಿಟ್ಟು ಕೇಳಿ. ಯಾರದೋ ಅಜ್ಜಿಯ ಮನೆ ಖಾಲಿ ಇದ್ದೇ ಇರುತ್ತೆ. ಅಡ್ವಾನ್ಸ್ ಕೊಡುವ ಮೊದಲು ಬೇಸ್‌ಮೆಂಟಿಗೆ ಇಳಿದು ಗೋಡೆಯ ಬುಡ ಮುಟ್ಟಿ ನೋಡಿ.