ಚಿಂತಾಮಣಿ ಕಡೆ ರವಿಕೆಗೆ ‘ಜಾಕೆಟ್’ ಅನ್ನೋದು ಯಾಕೆ? ಟೈಲರ್ ಹತ್ತಿರ ಏನಂತ ಹೇಳಬೇಕು?

ನೀವು ಹಾವೇರಿ ಕಡೆಯಿಂದ ಮದುವೆಯಾಗಿ ಚಿಂತಾಮಣಿಗೆ ಬಂದವರು. ಅತ್ತೆಯವರು “ಸೀರೆಗೆ ಜಾಕೆಟ್ ಹೊಲಿಯೋಕೆ ಹಾಕಿ ಬಾಮ್ಮ” ಅಂದಿದ್ದಾರೆ. ನಿಮ್ಮ ಲೆಕ್ಕದಲ್ಲಿ ಜಾಕೆಟ್ ಅಂದರೆ ಚಳಿಗೆ ಹಾಕೋ, ಜಿಪ್ ಇರೋ ಮೇಲಂಗಿ. ಇದು ತಪ್ಪು ಬಳಕೆಯಾ, ಪದ ಎಲ್ಲಿಂದ ಬಂತು, ಅಂಗಡಿಯಲ್ಲಿ ಹೇಗೆ ಹೇಳಿದರೆ ಎಡವಟ್ಟಾಗಲ್ಲ ಅಂತ ಕೇಳಿದ್ದೀರಿ.

ತಪ್ಪು ಬಳಕೆ ಅಲ್ಲವೇ ಅಲ್ಲ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಅಂದರೆ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವವರು ತುಂಬಿರೋ ಸೀಮೆ. ತೆಲುಗಲ್ಲಿ ರವಿಕೆಗೆ ‘ಜಾಕೆಟ್ಟು’. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಹೋದರೆ ತಮಿಳು, ಅಲ್ಲೂ ‘ಜಾಕೆಟ್’. ಹಳೇ ಮೈಸೂರಿನ ವಯಸ್ಸಾದವರ ಕನ್ನಡದಲ್ಲಿ ‘ಜಾಕೀಟು’ ಅಂತ ಇದ್ದದ್ದೂ ಇದೇ. ಅಂದರೆ ಈ ಅರ್ಥ ನಿಮ್ಮ ಅತ್ತೆಯವರ ಮನೆಯದ್ದಷ್ಟೇ ಅಲ್ಲ, ಮೂರು ಭಾಷೆಯದ್ದು. ನಿಮ್ಮ ಕಡೆ ಕುಪ್ಪಸ ಅಂತೀರಿ, ಜಂಪರ್ ಅಂತಲೂ ಅಂತೀರಿ. ಜಂಪರ್ ಇಂಗ್ಲಿಷ್ ಪದ ತಾನೇ? ಇಂಗ್ಲೆಂಡಿನಲ್ಲಿ ಜಂಪರ್ ಅಂದರೆ ಸ್ವೆಟರ್, ಅಮೆರಿಕದಲ್ಲಿ ಶರ್ಟಿನ ಮೇಲೆ ಹಾಕೋ ತೋಳಿಲ್ಲದ ಫ್ರಾಕು. ಹಾವೇರಿಯಲ್ಲಿ ಅದು ರವಿಕೆ ಆಗಬಹುದಾದರೆ ಚಿಂತಾಮಣಿಯಲ್ಲಿ ಜಾಕೆಟ್ ರವಿಕೆ ಆಗೋದರಲ್ಲಿ ಅಚ್ಚರಿ ಏನಿದೆ.

ಈಗ ಮೂಲ. ಫ್ರೆಂಚಿನಲ್ಲಿ ‘ಜಾಕ್’ ಅಂತ ಒಂದು ಗಿಡ್ಡ ಅಂಗಿ ಇತ್ತು. ಅದರ ಚಿಕ್ಕ ರೂಪ ‘ಜಾಕೆಟ್’. 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಅಂಗಿಗೆ ಜಾಕ್ ಅನ್ನೋ ಹೆಸರು ಯಾಕೆ ಅನ್ನೋದಕ್ಕೆ ಎರಡು ವಾದ ಇದೆ. ಹೆಚ್ಚಿನವರು ಒಪ್ಪೋದು ಇದು: ಫ್ರಾನ್ಸಿನಲ್ಲಿ ರೈತಾಪಿ ಜನರನ್ನು ಸಾರಾಸಗಟಾಗಿ ‘ಜಾಕ್’ ಅಂತ ಕರೆಯುತ್ತಿದ್ದರು, 1358ರ ರೈತ ದಂಗೆಗೂ ‘ಜಾಕರಿ’ ಅಂತಲೇ ಹೆಸರು, ಅವರು ತೊಡುತ್ತಿದ್ದ ಅಂಗಿಗೂ ಅದೇ ಹೆಸರು ಅಂಟಿಕೊಂಡಿತು. ಜಾಕ್ ಅನ್ನೋದು ಕನ್ನಡ ಬೈಬಲಿನ ಯಾಕೋಬನ ಫ್ರೆಂಚ್ ರೂಪ. ಇನ್ನೊಂದು ವಾದ, ಎದೆಗವಚಕ್ಕಿದ್ದ ಅರಬ್ಬೀ ಪದವೊಂದು ಸ್ಪೇನಿನ ಮೂಲಕ ಬಂತು ಅನ್ನೋದು. ನನಗೆ ಮೊದಲನೆಯದೇ ಸರಿ ಅನಿಸುತ್ತೆ, ಆದರೆ ಎರಡನೆಯದು ಹುಟ್ಟಿದ್ದಕ್ಕೂ ಕಾರಣ ಇದೆ: ಆ ಕಾಲದ ಜಾಕ್ ಕಾಲಾಳುಗಳ ಯುದ್ಧದ ಅಂಗಿಯೂ ಆಗಿತ್ತು. 15ನೇ ಶತಮಾನದ ಫ್ರಾನ್ಸಿನ ರಾಜ ಹನ್ನೊಂದನೇ ಲೂಯಿಯ ಕಟ್ಟಳೆಯಲ್ಲಿ ಒಂದು ಜಾಕ್‌ಗೆ 25ರಿಂದ 30 ಪದರ ಬಟ್ಟೆ, ಮೇಲೆ ಜಿಂಕೆ ಚರ್ಮ ಇರಬೇಕು ಅಂತಿದೆ. ಕೌದಿ ಹೊಲಿದಂತೆ ಹೊಲಿದ ಕವಚ ಅದು.

ಹಾಗಾದರೆ ಅದು ಹೆಂಗಸರ ರವಿಕೆ ಆದದ್ದು ಹೇಗೆ? 18-19ನೇ ಶತಮಾನದ ಇಂಗ್ಲಿಷಿನಲ್ಲಿ, ಕೆಲಸ ಮಾಡೋ ಹೆಂಗಸರು ಲಂಗದ ಮೇಲೆ ಹಾಕುತ್ತಿದ್ದ, ಮೈಗೆ ಹತ್ತಿ ಕೂರುವ, ಮುಂದೆ ಕಟ್ಟುವ ಗಿಡ್ಡ ಮೇಲಂಗಿಗೂ ಜಾಕೆಟ್ ಅಂತಲೇ ಹೆಸರಿತ್ತು. ಈ ದೇಶದಲ್ಲಿದ್ದ ಇಂಗ್ಲಿಷರು ನಮ್ಮ ಹೆಂಗಸರ ಮೇಲುಡುಪಿಗೆ ಆ ಪದವನ್ನೇ ಹಾಕಿದರು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿ, 1859ರಲ್ಲಿ ರಾಜಾಜ್ಞೆ ಹೊರಬಿತ್ತಲ್ಲ, ಆ ಪ್ರಕರಣದ ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ಕುಪ್ಪಾಯಂ’ ಅನ್ನೋದಕ್ಕೆ ಕೊಟ್ಟ ಪದ ಜಾಕೆಟ್. ಕುಪ್ಪಾಯಂ ನಿಮ್ಮ ಕುಪ್ಪಸದ ಹತ್ತಿರದ ನೆಂಟ.

ಬ್ಲೌಸ್ ಅನ್ನೋದೇ ಸರಿಯಾದ ಇಂಗ್ಲಿಷ್ ಅಂತ ಕೆಲವರು ತಿದ್ದುತ್ತಾರೆ. ಬ್ಲೌಸ್ ಮೊದಲಿಗೆ ಫ್ರೆಂಚ್ ಕೂಲಿಕಾರರ ದೊಗಲೆ ಅಂಗಿ. ಇವತ್ತಿಗೂ ಇಂಗ್ಲಿಷರಿಗೆ ಬ್ಲೌಸ್ ಅಂದರೆ ಹೆಂಗಸರ ಸಡಿಲ ಶರ್ಟು. ಮೈಗೆ ಹೊಂದಿ ಕೂರೋ, ಹುಕ್ಕು ಹಾಕೋ ಉಡುಪಿಗೆ ಬ್ಲೌಸ್‌ಗಿಂತ ಜಾಕೆಟ್ಟೇ ಒಪ್ಪುವ ಪದ ಅಂತ ನನ್ನ ವಾದ. ಅತ್ತೆಯವರ ಪರ ನಾನು.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಜಾಕೆಟ್ ಅನ್ನೋ ಹೆಸರನ್ನು ರವಿಕೆ ಹಿಡಿದುಕೊಂಡ ಮೇಲೆ ಚಳಿಯ ಅಂಗಿಗೆ ಬೇರೆ ಹೆಸರು ಬೇಕಲ್ಲ? ಅದಕ್ಕೆ ಬಂದದ್ದು ‘ಜರ್ಕಿನ್’. ಇದೂ ಇಂಗ್ಲಿಷೇ, 16ನೇ ಶತಮಾನದ್ದು. ಆಗ ಅದು ಗಂಡಸರು ತೊಡುತ್ತಿದ್ದ, ಸಾಮಾನ್ಯವಾಗಿ ಚರ್ಮದ, ತೋಳಿಲ್ಲದ ಅಂಗಿ. ಇಂಗ್ಲೆಂಡಿನಲ್ಲಿ ದಿನಬಳಕೆಯಿಂದ ಹೆಚ್ಚುಕಮ್ಮಿ ಮರೆಯಾಗಿದೆ. ನಮ್ಮಲ್ಲಿ ಡಿಸೆಂಬರ್ ಬಂತೆಂದರೆ ಬಸ್ ಸ್ಟ್ಯಾಂಡ್ ಪಕ್ಕದ ತಳ್ಳುಗಾಡಿಯವರೂ ಜರ್ಕಿನ್ ಅಂತಲೇ ಕೂಗೋದು, ಅದಕ್ಕೆ ತೋಳೂ ಇರುತ್ತೆ, ಜಿಪ್ಪೂ ಇರುತ್ತೆ, ಟೋಪಿಯೂ ಇರುತ್ತೆ. ನಂದಿಬೆಟ್ಟಕ್ಕೆ ಬೆಳಗಿನ ಜಾವ ಹೋಗೋಕೆ ಬೇಕಾದದ್ದನ್ನು ಅಂಗಡಿಯಲ್ಲಿ ಜರ್ಕಿನ್ ಅಂತ ಕೇಳಿ. ಕೊಳ್ಳುವಾಗ ರೆಕ್ಸಿನ್ ತರಹದ ಅಗ್ಗದ ಮಾಲು ಬೇಡ. ಮೇಲಿನ ಪದರ ಗಾಳಿಯ ತೇವಕ್ಕೇ ಹಾಳಾಗಿ ಸಿಪ್ಪೆ ಸಿಪ್ಪೆಯಾಗಿ ಉದುರುತ್ತೆ, ಬೀರುವಿನಲ್ಲೇ ಇಟ್ಟರೂ ಅಷ್ಟೇ, ಅದಕ್ಕೆ ರಿಪೇರಿ ಇಲ್ಲ. ಜಿಪ್ ಕೂರದೆ ಬಿಟ್ಟುಕೊಳ್ತಿದ್ದರೆ ಇಡೀ ಜಿಪ್ ಬದಲಿಸಬೇಡಿ, ರನ್ನರ್ (ಮೇಲೆ ಕೆಳಗೆ ಎಳೆಯೋ ತುಂಡು) ಮಾತ್ರ ಬದಲಿಸಿದರೆ ಸಾಕು. ರನ್ನರ್ ಹಿಂದೆ ನಂಬರ್ ಇರುತ್ತೆ, ಜರ್ಕಿನ್‌ಗೆ ಹೆಚ್ಚಾಗಿ 5. ಕೆಳತುದಿಯ ಪಿನ್ ಕೂರೋ ಪಟ್ಟಿಯೇ ಹರಿದಿದ್ದರೆ ಮಾತ್ರ ಪೂರ್ತಿ ಜಿಪ್.

ಇನ್ನು ಟೈಲರ್ ವಿಷಯ. ಅದೇ ನಿಮಗೆ ನಿಜವಾಗಿ ಬೇಕಾದದ್ದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಈಗ ಟೈಲರ್ ಅಂಗಡಿಯಲ್ಲಿ ಜಾಕೆಟ್ ಅಂದರೆ ಮೂರು ಆಗಬಹುದು: ಸೀರೆಯ ರವಿಕೆ, ಲೆಹೆಂಗಾ ಅಥವಾ ಕುರ್ತಾ ಮೇಲೆ ಹಾಕೋ ತೆರೆದ ಮೇಲಂಗಿ, ಗಂಡಸರ ನೆಹರೂ ಜಾಕೆಟ್. ವಯಸ್ಸಾದ ಟೈಲರ್ ಮೊದಲನೆಯದು ಅಂದುಕೊಳ್ತಾರೆ, ಬೊಟಿಕ್ ಇಟ್ಟಿರೋ ಹುಡುಗಿ ಎರಡನೆಯದು ಅಂದುಕೊಳ್ತಾಳೆ. ‘ಸೀರೆ ಜಾಕೆಟ್’ ಅನ್ನಿ, ಗೊಂದಲ ಮುಗೀತು.

ಬಟ್ಟೆ: ಗಿಡ್ಡ ತೋಳಿಗೆ 80 ಸೆಂಟಿಮೀಟರ್, ಮೊಣಕೈವರೆಗಿನ ತೋಳಿಗೆ 1 ಮೀಟರ್. ಕ್ರಾಸ್ ಕಟ್ ಅಂದರೆ ಬಟ್ಟೆಯನ್ನು ಓರೆಯಾಗಿ ಇಟ್ಟು ಕತ್ತರಿಸೋದು. ಎದೆಯ ಮೇಲೆ ಚೆನ್ನಾಗಿ ಕೂರುತ್ತೆ, ಆದರೆ ಬಟ್ಟೆ 10ರಿಂದ 20 ಸೆಂಟಿಮೀಟರ್ ಹೆಚ್ಚು ತಿನ್ನುತ್ತೆ. ಸೀರೆಯಲ್ಲೇ ಬರೋ ರವಿಕೆ ಕಣ ಸಾಮಾನ್ಯವಾಗಿ 80 ಸೆಂಟಿಮೀಟರ್ ಆಸುಪಾಸು. ಅದರಲ್ಲಿ ಕ್ರಾಸ್ ಕಟ್ಟೂ ಬೇಕು, ಉದ್ದ ತೋಳೂ ಬೇಕು ಅಂದರೆ ಟೈಲರ್ ಎಲ್ಲೋ ತುಂಡು ಜೋಡಿಸಲೇಬೇಕಾಗುತ್ತೆ. ಎಲ್ಲಿ ಜೋಡಿಸ್ತೀರಿ ಅಂತ ಮೊದಲೇ ಕೇಳಿ. ಕಂಕುಳ ಕೆಳಗಾದರೆ ಕಾಣಲ್ಲ.

ಲೈನಿಂಗ್ ವಿಷಯದಲ್ಲೇ ಹೆಚ್ಚು ಜಾಕೆಟ್ ಹಾಳಾಗೋದು. ಕಾಟನ್ ಲೈನಿಂಗನ್ನು ಹೊಲಿಯೋ ಮುಂಚೆ ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಒಳಬಟ್ಟೆ ಕುಗ್ಗುತ್ತೆ, ಮೇಲಿನ ರೇಷ್ಮೆ ಅಷ್ಟು ಕುಗ್ಗಲ್ಲ, ಎಲ್ಲಾ ಕಡೆ ಸುಕ್ಕು. ನೂರಕ್ಕೆ ಮೂರು ಪಾಲು ಕುಗ್ಗಿದರೂ 36 ಇಂಚಿನಲ್ಲಿ ಒಂದಿಂಚು ಹೋಯಿತು ಅಂತ ಲೆಕ್ಕ. ಹುಕ್ಕು ಎಳೆದು ಹಾಕಬೇಕಾಗುತ್ತೆ. ಟೈಲರ್ ನೆನೆಸ್ತೀನಿ ಅಂತಾರೆ, ಹಬ್ಬದ ಗಲಾಟೆಯಲ್ಲಿ ಮರೀತಾರೆ. ಲೈನಿಂಗ್ ನೀವೇ ತಂದು ನೆನೆಸಿ ಕೊಡೋದು ಕ್ಷೇಮ.

ಅಳತೆ ಜಾಕೆಟ್ ಕೊಡೋರು ಒಗೆದು ಒಗೆದು ಸಡಿಲಾಗಿರೋ ಹಳೇದನ್ನೇ ಕೊಡ್ತಾರೆ. ಟೈಲರ್ ಅದನ್ನು ಹುಕ್ಕು ಹಾಕಿ ಮೇಜಿನ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿದು ಎರಡರಷ್ಟು ಮಾಡ್ತಾರೆ, ಅಷ್ಟೇ. ನಿಮ್ಮ ಮೈಯಲ್ಲಿ ಅದು ಎಲ್ಲಿ ಹಿಡಿಯುತ್ತೆ ಅಂತ ಮೇಜಿಗೆ ಗೊತ್ತಾಗಲ್ಲ. ಇತ್ತೀಚೆಗೆ ಹೊಲಿಸಿದ, ಚೆನ್ನಾಗಿ ಕೂರೋ ಜಾಕೆಟ್ ಕೊಟ್ಟು, ಜೊತೆಗೆ ಮೈ ಅಳತೆಯನ್ನೂ ತೆಗೆಸಿ: ಉದ್ದ, ಎದೆ ಸುತ್ತು, ಎದೆಯ ಕೆಳಗಿನ ಸುತ್ತು, ಭುಜ, ತೋಳಿನ ಉದ್ದ, ತೋಳಿನ ಸುತ್ತು, ಕಂಕುಳ ಸುತ್ತು, ಮುಂದಿನ ಮತ್ತು ಹಿಂದಿನ ಕತ್ತಿನ ಆಳ. ಜೊತೆಗೆ ಭುಜದಿಂದ ಟಕ್ಸ್ (ಎದೆಯ ಆಕಾರ ಬರೋಕೆ ಬಟ್ಟೆ ಮಡಿಚಿ ಹಾಕೋ ಹೊಲಿಗೆ) ತುದಿಯವರೆಗಿನ ಅಳತೆ. ಇದನ್ನು ಬಿಟ್ಟುಬಿಡೋ ಟೈಲರ್‌ಗಳೇ ಹೆಚ್ಚು, ಆಮೇಲೆ ಟಕ್ಸ್ ಇರಬೇಕಾದ ಕಡೆ ಇರದೆ ಎದೆಯ ಮೇಲೆ ಬಟ್ಟೆ ಮಡಿಕೆ ಬೀಳುತ್ತೆ. ಮೈಯ ಎದೆ ಸುತ್ತಿಗಿಂತ ತಯಾರಾದ ಜಾಕೆಟ್ ಒಂದೂವರೆ ಇಂಚು ಹೆಚ್ಚಿದ್ದರೆ ಉಸಿರಾಡೋಕೆ ಆಗುತ್ತೆ. ರೇಷ್ಮೆಯದ್ದನ್ನು ತೀರಾ ಬಿಗಿ ಹೊಲಿಸಿದರೆ ಹೊಲಿಗೆ ಬಿಡಲ್ಲ, ಹೊಲಿಗೆಯ ಪಕ್ಕದ ನೂಲೇ ಸರಿದು ಜಾಳಾಗುತ್ತೆ.

ತೋಳೆತ್ತಿದಾಗ ಜಾಕೆಟ್ ಪೂರ್ತಿ ಮೇಲೆ ಬರುತ್ತೆ ಅನ್ನೋದು ಎಲ್ಲರ ದೂರು. ಕಂಕುಳ ಹತ್ತಿರ ಇನ್ನೂ ಇಳಿಸಿ ಅಂತ ಕೇಳ್ತಾರೆ. ಅದು ತಿರುಗುಮುರುಗು. ಕಂಕುಳ ಕೊರೆತ ಆಳವಾದಷ್ಟೂ ತೋಳು ಮೈಬಟ್ಟೆಯನ್ನು ಹೆಚ್ಚು ಎಳೆಯುತ್ತೆ. ಕೊರೆತ ಕಂಕುಳಿಗೆ ಹತ್ತಿರ ಇರಬೇಕು, ಸಡಿಲ ಬೇಕಾದರೆ ತೋಳಿನ ಸುತ್ತಿನಲ್ಲಿ ಬಿಡಬೇಕು. ಒಮ್ಮೆ ಆಳ ಕತ್ತರಿಸಿದರೆ ಮತ್ತೆ ಕೂಡಿಸೋಕೆ ಆಗಲ್ಲ, ನೆನಪಿರಲಿ. ಹಾಗೇ ಮುಂದೆಯೂ ಅಗಲ ಕತ್ತು, ಹಿಂದೆಯೂ ಆಳ ಕತ್ತು ಅಂದರೆ ಭುಜ ಜಾರೇ ಜಾರುತ್ತೆ. ಹಿಂದೆ ಡೋರಿ, ಅಂದರೆ ಕಟ್ಟೋ ದಾರ, ಹಾಕಿಸಿ.

ಗಂಡಸರ ನೆಹರೂ ಜಾಕೆಟ್ ಹೊಲಿಸೋದಾದರೆ 58 ಇಂಚು ಅಗಲದ ಬಟ್ಟೆ ಒಂದೂವರೆ ಮೀಟರ್ ಸಾಕು, ಅಷ್ಟೇ ಲೈನಿಂಗ್. ಅಳತೆಯನ್ನು ಜುಬ್ಬದ ಮೇಲೆ ಕೊಡಬೇಕು. ಬಟ್ಟೆ ಬಿಗಿಯಾಗಿ ನಿಲ್ಲಲಿ ಅಂತ ಒಳಗೆ ಅಂಟಿಸಿದ ಫ್ಯೂಸಿಂಗ್ ಪದರ ನೀರಿಗೆ ಬಿಟ್ಟುಕೊಂಡು ಗುಳ್ಳೆ ಏಳುತ್ತೆ, ಅದಕ್ಕೆ ಡ್ರೈಕ್ಲೀನ್ ಮಾತ್ರ. ಹೊರದೇಶಗಳಲ್ಲಿ 1960ರ ದಶಕದಲ್ಲಿ ನೆಹರೂ ಜಾಕೆಟ್ ಅಂತ ಹೆಸರಾದದ್ದು ತೋಳಿರೋ, ನಿಲುಗತ್ತಿನ ಕೋಟು. ನಮ್ಮಲ್ಲಿ ಅದೇ ಹೆಸರು ತೋಳಿಲ್ಲದ್ದಕ್ಕೆ.

ಬಟ್ಟೆ ಬಿಟ್ಟು ಹೊರಗೂ ಈ ಪದ ಓಡಾಡುತ್ತೆ, ಎಲ್ಲಾ ಕಡೆ ‘ಮೇಲೆ ಸುತ್ತಿದ ಹೊದಿಕೆ’ ಅನ್ನೋ ಅರ್ಥದಲ್ಲೇ. ಟ್ರ್ಯಾಕ್ಟರ್ ಇಂಜಿನ್ನಿನ ಸಿಲಿಂಡರ್ ಸುತ್ತ ನೀರು ಹರಿಯೋ ಜಾಗ ವಾಟರ್ ಜಾಕೆಟ್. ನಮ್ಮ ಬೋರ್‌ವೆಲ್‌ನ ಗಡಸು ನೀರು ಹಾಕಿದರೆ ಒಳಗೆ ಸುಣ್ಣದಂಥ ಗಟ್ಟಿ ಪದರ ಕಟ್ಟಿ ಇಂಜಿನ್ ಬಿಸಿಯಾಗುತ್ತೆ, ಅದಕ್ಕೇ ಕೂಲಂಟ್ ಹಾಕೋದು. ದೋಣಿಯ ಲೈಫ್ ಜಾಕೆಟ್ 1854ರಲ್ಲಿ ಕ್ಯಾಪ್ಟನ್ ವಾರ್ಡ್ ಎಂಬಾತ ಬೆಂಡಿನಿಂದ ಮಾಡಿಸಿದ್ದು. ಬಂದೂಕಿನ ಗುಂಡಿಗೂ ತಾಮ್ರದ ಜಾಕೆಟ್ ತೊಡಿಸಿದರು, 1882ರಲ್ಲಿ ಸ್ವಿಟ್ಜರ್ಲೆಂಡಿನ ರೂಬಿನ್. ಆ ಗುಂಡನ್ನು ತಡೆಯೋಕೆ ಮನುಷ್ಯರು ಹಾಕೋದೂ ಬುಲೆಟ್ ಪ್ರೂಫ್ ಜಾಕೆಟ್. ಲೂಯಿಯ 30 ಪದರದ ಅಂಗಿಯ ಮೊಮ್ಮಗ ಅನ್ನಿ. ಪುಸ್ತಕದ ಹೊರಹೊದಿಕೆ, ಜಪಾನಿನಲ್ಲಿ ಗ್ರಾಮಫೋನ್ ತಟ್ಟೆಯ ಕವರು, ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆ, ಎಲ್ಲವೂ ಜಾಕೆಟ್ಟೇ. ಲಂಡನ್ನಿನ ಸಾವಿಲ್ ರೋ ಬೀದಿಯ ಹಳೇ ಟೈಲರ್‌ಗಳಿಗೆ ಸೂಟಿನ ಮೇಲಂಗಿಯನ್ನು ಜಾಕೆಟ್ ಅಂದರೆ ಸಿಟ್ಟು. ನಾವು ಹೊಲಿಯೋದು ಕೋಟು, ಜಾಕೆಟ್ ಇರೋದು ಆಲೂಗಡ್ಡೆಗೆ ಅನ್ನೋದು ಅವರ ಕಸುಬಿನ ಮಾತು. ನಮ್ಮವರೂ ಮದುಮಗನ ಸೂಟಿಗೆ ಕೋಟು ಅಂತಲೇ ಅನ್ನೋದು, ನೋಡಿ.

ಕೊನೆಗೆ ಒಂದು. ಬಟ್ಟೆ ಕೊಡುವಾಗಲೇ “ಒಳಗೆ ಬಟ್ಟೆ ಬಿಡಿ” ಅಂತ ಹೇಳಿ, ಪ್ರತಿ ಪಕ್ಕದಲ್ಲೂ ಒಂದರಿಂದ ಒಂದೂವರೆ ಇಂಚು. ಪಕ್ಕದ ಹೊಲಿಗೆಯನ್ನು ಕಾಲಿಂಚು ಅಂತರದಲ್ಲಿ ಮೂರು ಸಾಲು ಹಾಕಿಸಿ. ಮೈಗೆ ಹತ್ತಿರದ ಒಂದು ಸಾಲು ಬಿಚ್ಚಿದರೆ ಪ್ರತಿ ಪಕ್ಕದಲ್ಲೂ ಹಿಂದೆ ಕಾಲು, ಮುಂದೆ ಕಾಲು ಅಂತ ಅರ್ಧ ಇಂಚು ಸಿಗುತ್ತೆ, ಎರಡೂ ಪಕ್ಕ ಸೇರಿ ಒಂದಿಂಚು. ಬ್ಲೇಡ್ ಬೇಡ, ಹೊಲಿಗೆ ಬಿಚ್ಚೋ ಕಡ್ಡಿಯಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ಕತ್ತರಿಸಿ ನೂಲನ್ನು ಎಳೆದರೆ ಟೈಲರ್ ಹತ್ತಿರ ಹೋಗದೆ ಮನೆಯಲ್ಲೇ ಸಡಿಲ ಮಾಡಿಕೊಳ್ಳಬಹುದು.